ಹೆಸರು ತಪ್ಪಿದ ಕಡತ

ಕಂತು ಒಂಬತ್ತು

"ಕೈ ತೆಗಿ ಅಂದೆ."

ತಳ್ಳುಗಾಡಿ ಹಿಡಿದಿದ್ದ ಆಳು ಸಾವ್ಕಾ ತೋಮೋವಾಳ ಮುಖ ನೋಡಿದ. ಆಮೇಲೆ ಮಾಲೀಕನ ಕಡೆ ತಿರುಗಿದ. ಕೈ ಮಾತ್ರ ತೆಗೆಯಲಿಲ್ಲ.

ಗಾಡಿಯ ಮೇಲೆ ಬೂದು ಬಣ್ಣದ ಎರಡು ಕಬ್ಬಿಣದ ಪೆಟ್ಟಿಗೆಗಳಿದ್ದವು. ಹದಿನಾಲ್ಕು ವರ್ಷ ಈ ಲಿಫ್ಟ್ ಕಂಪನಿಯ ಕಾಗದಪತ್ರಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಗುರುಗುಟ್ಟಿದ ಸರ್ವರ್‌ಗಳು. ಈಗ ಅವುಗಳ ಸದ್ದಡಗಿತ್ತು. ಒಳಗಿದ್ದದ್ದೆಲ್ಲ ಲಿನಕ್ಸ್ ಹಾಕಿದ ಹೊಸ ಯಂತ್ರಕ್ಕೆ ಹೋಗಿತ್ತು. ಹಳೆಯವನ್ನು ಇಂದೇ, ಸಂಜೆ ನಾಲ್ಕು ಗಂಟೆಯೊಳಗೆ, ಡಿಸ್ಕುಗಳ ಸಮೇತ ಅರೆದು ಪುಡಿ ಮಾಡಿಸುವುದೆಂದು ಮಾಲೀಕ ಬೋಝಿಲೋವ್ ಗೊತ್ತು ಮಾಡಿದ್ದ.

"ತನಿಖಾಧಿಕಾರಿಗಳೇ," ಎಂದ ಬೋಝಿಲೋವ್ ನಯವಾಗಿ. "ಪ್ರಾಸಿಕ್ಯೂಟರ್ ಸಹಿ ಮಾಡಿದ ಕಾಗದ ಇದೆಯಾ?"

"ಇಲ್ಲ."

"ಕೇಳಿದ್ರಿ, ಅವರು ಕೊಡಲಿಲ್ಲ. ಅಲ್ವಾ?"

"ಕೊಡಲಿಲ್ಲ."

"ಹಾಗಾದ್ರೆ ದಯವಿಟ್ಟು ದಾರಿ ಬಿಡಿ. ಹಳೇ ಸಾಮಾನು, ಬರೀ ಧೂಳು. ನಿಮ್ಮ ಕಪ್ಪು ಬಟ್ಟೆ ಹಾಳಾದೀತು."

ಆ ಬಟ್ಟೆ ಅವಳು ಉಡಲು ತೊಡಗಿ ಇಪ್ಪತ್ತೆರಡು ದಿನವಾಗಿತ್ತು. ಅವಳ ಗಂಡ ತೊದೋರ್, ಠಾಣೆಯ ಮುಂಬಾಗಿಲ ಮೇಜಿನಲ್ಲಿ ಮೂವತ್ತು ವರ್ಷ ಕೂತ ಸಾರ್ಜೆಂಟ್, ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವನು ನದೀತೀರದ ಬೆಂಚಿನ ಮೇಲೆ ಕೂತು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ವೈದ್ಯರು. ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಬೋಝಿಲೋವ್‌ಗೂ ಗೊತ್ತಿತ್ತು.

"ನನ್ನ ಬಟ್ಟೆ ಸುದ್ದಿ ನಿನಗೆ ಬೇಡ," ಎಂದಳು ಸಾವ್ಕಾ. "ಲಿಲ್ಯಾನಾ ಸ್ತಾನೇವಾಗೂ ನೀನು ಹೀಗೇ ದಾರಿ ಬಿಟ್ಟೆಯಲ್ಲ, ಏಳನೇ ಮಹಡಿಯಿಂದ ಸೀದಾ ನೆಲಕ್ಕೆ."

ಬೋಝಿಲೋವನ ತುಟಿಯ ಮೇಲಿನ ನಗೆ ಬತ್ತಿತು.

"ಆ ಹಗ್ಗ ಚೆನ್ನಾಗಿದೆ ಅಂತ ಸಹಿ ಹಾಕಿದವನು ರಾಯ್ಕೋ. ಅವನನ್ನ ಹಿಡಿದವರು ನೀವು. ಕೋಳ ಹಾಕಿದವರೂ ನೀವೇ. ಈಗ ನನ್ನ ಅಂಗಳದಲ್ಲಿ ಏನು ಹುಡುಕ್ತಾ ಇದ್ದೀರಿ?"

ಅವನು ಹೇಳಿದ್ದು ನಿಜ. ಸಾವ್ಕಾಳ ಸಿಟ್ಟಿಗೆ ಅದೇ ಕಾರಣವಾಗಿತ್ತು. ಮಾರ್ಚ್ ಐದರ ಬೆಳಿಗ್ಗೆ ಹದಿನಾಲ್ಕನೆಯ ಬ್ಲಾಕಿನ ಲಿಫ್ಟಿನ ಉಕ್ಕಿನ ಹಗ್ಗ ಹರಿದು, ಹಗ್ಗ ಹರಿದಾಗ ಕಚ್ಚಿ ಹಿಡಿಯಬೇಕಾದ ತಡೆಹಲ್ಲೂ ಹಿಡಿಯದೆ, ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಲಿಲ್ಯಾನಾ ಸತ್ತಳು. ಅದೇ ದಿನ ಸಂಜೆ ಸಾವ್ಕಾ ಮೆಕ್ಯಾನಿಕ್ ರಾಯ್ಕೋ ವೆಲೆವ್‌ನನ್ನು ಅವನ ಮಕ್ಕಳ ಎದುರಿಗೇ ಹಿಡಿದೊಯ್ದಳು. ತಪಾಸಣೆಯ ಹಾಳೆಯ ಮೇಲೆ ಅವನ ಸಹಿ ಇತ್ತು. "ಖಾಲಿ ಹಾಳೆಗೆ ಸಹಿ ಹಾಕಿರ್ತೀವಿ ಮೇಡಂ," ಎಂದು ಅವನು ಗೋಗರೆದಿದ್ದ. "ತಿಂಗಳ ಮೊದಲ ದಿನ ಇಪ್ಪತ್ತು ಹಾಳೆಗೆ ಒಟ್ಟಿಗೆ ಹಾಕಿ ಕೊಟ್ಟುಬಿಡ್ತೀವಿ. ನಾವು ಕೈಯಲ್ಲಿ ಬರೆದು ಕೊಟ್ಟಿದ್ದನ್ನ ಆಫೀಸಿನವರು ಆಮೇಲೆ ಅದರ ಮೇಲೆ ಅಚ್ಚು ಹಾಕ್ತಾರೆ. ಎಲ್ಲ ಮೆಕ್ಯಾನಿಕ್‌ಗಳೂ ಹಾಗೇ ಮಾಡೋದು. ನಾನು ಬರೆದದ್ದು ಬೇರೆ!" ಸಾವ್ಕಾ ಆಗ ನಕ್ಕಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಇಂಥ ಕಥೆಗಳನ್ನು ಬೇಕಾದಷ್ಟು ಕೇಳಿದ್ದಳು.

ಈಗ ರಾಯ್ಕೋ ಸೋತುಹೋಗಿದ್ದ. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯೆಂದು ಅವನ ವಕೀಲ ಹೇಳಿದ್ದ. ನಾಳೆ ಬೆಳಿಗ್ಗೆ ಹತ್ತಕ್ಕೆ ನ್ಯಾಯಾಧೀಶರ ಎದುರು ಒಪ್ಪಂದಕ್ಕೆ ಸಹಿ ಬೀಳುವುದಿತ್ತು. ಬಿದ್ದರೆ ಅಲ್ಲಿಗೆ ಮುಗಿಯಿತು. ಮೇಲ್ಮನವಿಗೂ ದಾರಿಯಿರಲಿಲ್ಲ.

ಸಾವ್ಕಾ ಅಂಗಳ ದಾಟಿ ಹೋಗಿ ತನ್ನ ಹಳೆಯ ಕಾರು ಹತ್ತಿದಳು. ಅದನ್ನು ಗೇಟಿನ ಎರಡು ಕಂಬಗಳ ನಡುವೆ ಅಡ್ಡಲಾಗಿ ತಂದು ನಿಲ್ಲಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು.

"ಇದೇನಿದು!" ಬೋಝಿಲೋವ್ ಓಡಿಬಂದ.

"ಕೆಟ್ಟು ನಿಂತಿತು."

"ಈಗ ತಾನೇ ಓಡಿಸಿದ್ರಲ್ಲ!"

"ಅದಕ್ಕೇ ಕೆಟ್ಟಿತು. ಒಬ್ಬ ಮೆಕ್ಯಾನಿಕ್‌ನ ಕರೆಸು. ನಿನ್ನ ಹತ್ರ ಇದ್ದ ಒಳ್ಳೆ ಮೆಕ್ಯಾನಿಕ್ ಜೈಲಲ್ಲಿದ್ದಾನೆ. ಬೇರೆಯವನನ್ನ ಹುಡುಕು."

ತಳ್ಳುಗಾಡಿಯ ಆಳು ಫಕ್ಕನೆ ನಕ್ಕವನು ಕೆಮ್ಮಿದಂತೆ ಮಾಡಿದ. ಬೋಝಿಲೋವ್ ಫೋನು ತೆಗೆದು ವಕೀಲನ ನಂಬರು ಒತ್ತತೊಡಗಿದ. ಗಂಟೆ ಎರಡೂಕಾಲು.

ನೆಲಮಾಳಿಗೆಯ ಯಂತ್ರದ ಕೋಣೆಯಲ್ಲಿ ಲ್ಯೂಬೆನ್ ಕಾದಿದ್ದ. ಸರ್ವರ್ ಬದಲಿಸುವ ಗುತ್ತಿಗೆ ಹಿಡಿದವನು ಅವನೇ. ಮೂವತ್ತೈದರ ಗಡ್ಡದವನು, ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ ಸಿಪ್ಪೆಯನ್ನು ಕಾಫಿ ಲೋಟಕ್ಕೆ ಉಗುಳುವ ಅಭ್ಯಾಸದವನು. ಮಧ್ಯಾಹ್ನ ಸಾವ್ಕಾಗೆ ಫೋನು ಮಾಡಿ "ರಾಯ್ಕೋ ಹೇಳಿದ್ದು ನಿಜ ಇರಬಹುದು, ಬೇಗ ಬನ್ನಿ" ಎಂದಿದ್ದವನೂ ಅವನೇ. ಅವನ ತಾಯಿ ಅದೇ ಹದಿನಾಲ್ಕನೆಯ ಬ್ಲಾಕಿನ ಐದನೆಯ ಮಹಡಿಯಲ್ಲಿದ್ದಳು.

"ಮೇಲೆ ಏನು ಗಲಾಟೆ, ಚಿಕ್ಕಮ್ಮ?"

"ನನ್ನ ಕಾರು ಕೆಟ್ಟಿದೆ. ನೀನು ಏನು ತೋರಿಸ್ತೀನಿ ಅಂದೆ, ತೋರಿಸು."

"ಕೂತ್ಕೊಳ್ಳಿ. ನೀವು ನಿಂತಿದ್ರೆ ನನಗೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತೆ."

ಅವಳು ಕೂರಲಿಲ್ಲ. ಲ್ಯೂಬೆನ್ ನಿಟ್ಟುಸಿರಿಟ್ಟು ಪರದೆಯನ್ನು ಅವಳ ಕಡೆ ತಿರುಗಿಸಿದ.

"ನೋಡಿ. ಹಳೇದರಿಂದ ಹೊಸದಕ್ಕೆ ಎಲ್ಲ ಸಾಗಿಸಿದ ಮೇಲೆ ಎರಡೂ ಕಡೆ ಎಣಿಸ್ತೀನಿ. ಲೆಕ್ಕ ಕೂಡಬೇಕು, ಇಲ್ಲದಿದ್ರೆ ಏನೋ ಬಿದ್ದುಹೋಗಿದೆ ಅಂತ. ತಪಾಸಣೆ ವಿಭಾಗದಲ್ಲಿ ಹಳೇ ಯಂತ್ರ ತೋರಿಸೋದು ಆರುನೂರ ಹನ್ನೊಂದು ಫೋಲ್ಡರ್. ಹೊಸದು ತೋರಿಸೋದು ಆರುನೂರ ಹನ್ನೆರಡು."

"ಒಂದು ಜಾಸ್ತಿ."

"ಜಾಸ್ತಿ. ಕಮ್ಮಿಯಾಗೋದು ನೋಡಿದ್ದೀನಿ, ಜಾಸ್ತಿಯಾಗೋದು ಅಂದ್ರೇನು? ಆಮೇಲೆ ಹೊಳೀತು. ಹಳೇ ಯಂತ್ರದಲ್ಲಿ ಒಂದು ಫೋಲ್ಡರ್‌ಗೆ 'ಇದನ್ನ ಯಾರಿಗೂ ತೋರಿಸಬೇಡ' ಅಂತ ಗುರುತು ಹಾಕಬಹುದು. ಅದು ಮಾತು ಕೇಳುತ್ತೆ, ಬಚ್ಚಿಡುತ್ತೆ. ಲಿನಕ್ಸ್‌ಗೆ ಆ ಗುರುತಿನ ಗೊಡವೆಯೇ ಇಲ್ಲ. ಅದಕ್ಕೆ ಬಚ್ಚಿಡಬೇಕು ಅಂದ್ರೆ ಹೆಸರಿನ ಮುಂದೆ ಒಂದು ಚುಕ್ಕೆ ಇರಬೇಕು. ಚುಕ್ಕೆ ಇಲ್ಲ. ಹಾಗಾಗಿ ಎಲ್ಲರ ಕಣ್ಣಿಗೂ ಬೀಳೋ ಹಾಗೆ ಸಾಲಲ್ಲಿ ಕೂತುಬಿಟ್ಟಿದೆ."

ಅವನ ಬೆರಳು ತೋರಿಸಿದಲ್ಲಿ, ಬೀದಿ ಮತ್ತು ಬ್ಲಾಕುಗಳ ಹೆಸರಿನ ಸಾಲಿನ ನಡುವೆ, ರೋಮನ್ ಲಿಪಿಯ ನಾಲ್ಕು ಅಕ್ಷರಗಳಿದ್ದವು. ಎಲ್, ಸಿ, ಜಿ, ಇ.

"ಒಳಗೆ?"

ಲ್ಯೂಬೆನ್ ಅದನ್ನು ತೆರೆದ. ಒಂದೇ ಒಂದು ಹಾಳೆಯ ಚಿತ್ರ. ಗ್ರೀಸ್ ಮೆತ್ತಿದ ಗೆರೆ ಹಾಳೆ, ಬಾಲ್‌ಪೆನ್ನಿನ ದಪ್ಪ ಬರಹ. ಸಾವ್ಕಾಗೆ ಆ ಕೈಬರಹ ಪರಿಚಿತ. ಅದೇ ಕೈ ತನ್ನ ಹೇಳಿಕೆಯ ಪ್ರತಿ ಪುಟದ ಕೆಳಗೂ ಹೆಸರು ಬರೆದಿತ್ತು.

'ಬ್ಲಾಕ್ ೧೪. ಫೆಬ್ರವರಿ ೧೨. ಹಗ್ಗದಲ್ಲಿ ಎಳೆಗಳು ಮುರಿದಿವೆ, ಒಂದು ಗೇಣಿನಲ್ಲಿ ಒಂಬತ್ತು. ತಡೆಹಲ್ಲು ಸವೆದಿದೆ. ಲಿಫ್ಟ್ ಇವತ್ತೇ ನಿಲ್ಲಿಸಬೇಕು. ಎರಡನೇ ಸಲ ಹೇಳ್ತಿದ್ದೀನಿ. ರಾಯ್ಕೋ ವೆಲೆವ್.'

ಸಾವ್ಕಾ ಆಗ ಕುರ್ಚಿ ಎಳೆದು ಕೂತಳು.

ಎರಡನೆಯ ಸಲ. ಎರಡು ಸಲ ಹೇಳಿದವನ ಕೈಗೆ ಅವಳು ಕೋಳ ಹಾಕಿದ್ದಳು. ಅವನ ಚಿಕ್ಕ ಮಗಳು ಅಪ್ಪನ ಟೊಪ್ಪಿ ತಂದುಕೊಡಲು ಹಿಂದೆ ಓಡಿಬಂದಾಗ, "ಅಲ್ಲಿ ಟೊಪ್ಪಿ ಬೇಕಾಗಲ್ಲ" ಎಂದಿದ್ದಳು. ದೇವರೇ, ಆ ಮಾತು ಈ ಬಾಯಿಂದ ಬಂದಿತ್ತು.

"ಅಚ್ಚು ಹಾಕು," ಎಂದಳು. "ಈಗಲೇ ಪ್ರಾಸಿಕ್ಯೂಟರ್ ಮೂತಿಗೆ ಹಿಡಿತೀನಿ."

"ನಿಲ್ಲಿ. ನಾಳೆ ಬೋಝಿಲೋವನ ವಕೀಲ ಮೊದಲು ಕೇಳೋದೇನು ಗೊತ್ತಾ? 'ಇದನ್ನ ಅಲ್ಲಿ ಇಟ್ಟವರು ಯಾರು?' ಚಿತ್ರ ಯಂತ್ರಕ್ಕೆ ಹತ್ತಿದ್ದು ಮಾರ್ಚ್ ಐದು, ಬೆಳಿಗ್ಗೆ ಹತ್ತು ಗಂಟೆ ಐವತ್ತೆರಡು ನಿಮಿಷ. ಅಪಘಾತ ಆಗಿ ನಾಲ್ಕು ಗಂಟೆ ಕಳೆದಿತ್ತು. ರಾಯ್ಕೋ ಕಡೆಯವರು ಆಮೇಲೆ ಹುಟ್ಟಿಸಿದ್ದು ಅಂತಾನೆ. ಇಲ್ಲ, ಈ ಗಡ್ಡದವನೇ ತುರುಕಿದ್ದು, ಅವನಮ್ಮ ಅದೇ ಬ್ಲಾಕಲ್ಲಿದ್ದಾಳೆ ಅಂತಾನೆ. ಹಳೇ ಡಿಸ್ಕು ಉಳಿದ್ರೆ ನಾನು ತುರುಕಿದ್ದಲ್ಲ ಅಂತ ತೋರಿಸಬಹುದು, ಆದ್ರೆ ಇಟ್ಟವರು ಯಾರು ಅಂತ ಅದೂ ಹೇಳಲ್ಲ. ನಾನು ಏನು ಹೇಳಲಿ?"

"ಯಾರ ಹೆಸರಲ್ಲಿ ಹತ್ತಿದೆ?"

"'ಆಫೀಸ್' ಅಂತ. ಇಲ್ಲಿ ಹನ್ನೊಂದು ಜನಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ. ಗೋಡೆ ಮೇಲೆ ಬರೆದು ಅಂಟಿಸಿದ್ದಾರೆ." ಲ್ಯೂಬೆನ್ ಸಿಪ್ಪೆ ಉಗುಳಿದ. "ಇದನ್ನ ಇಟ್ಟ ಮನುಷ್ಯ ನಾಳೆ ಬಂದು 'ನಾನೇ ಇಟ್ಟೆ' ಅನ್ನಬೇಕು. ಇಲ್ಲದಿದ್ರೆ ಇದು ಬರೀ ಚಿತ್ರ. ಹೆಸರಾದ್ರೂ ಏನಾದ್ರೂ ಹೇಳುತ್ತೇನೋ ಅಂತ ಬೆಳಿಗ್ಗೆಯಿಂದ ತಲೆ ಕೆರೆದುಕೊಂಡೆ. ಎಲ್-ಸಿ-ಜಿ-ಇ. ಊರಿನ ಹೆಸರಲ್ಲ, ಮನುಷ್ಯರ ಹೆಸರಲ್ಲ, ಲಿಫ್ಟಿನ ಭಾಗ ಅಲ್ಲ."

ಸಾವ್ಕಾ ಆ ನಾಲ್ಕು ಅಕ್ಷರಗಳನ್ನು ನೋಡಿದಳು. ನೋಡುತ್ತ ಅವಳ ಬೆರಳುಗಳು ಮೇಜಿನ ಅಂಚಿನ ಮೇಲೆ ತಾವಾಗಿಯೇ ಸಾಲುಗೂಡಿದವು.

ಪೋಲೀಸ್ ಶಾಲೆಯಲ್ಲಿ ತಮ್ಮ ಭಾಷೆಯ ಲಿಪಿಯ ಟೈಪ್‌ರೈಟರ್ ಕಲಿಸಿದವಳು ಕೀಲಿಗಳ ಮೇಲೆ ಬಟ್ಟೆ ಮುಚ್ಚಿ ಕಲಿಸಿದ್ದಳು. ನೋಡಿದರೆ ಬೆರಳಿನ ಗಿಣ್ಣಿಗೆ ಪೆಟ್ಟು. ಅಲ್ಲಿ ಕಲಿತ ಅಕ್ಷರಗಳ ಸ್ಥಾನ ಸಾವ್ಕಾ ಸಾಯುವವರೆಗೂ ಮರೆಯುವಂತಿರಲಿಲ್ಲ. ಬಲಗೈ ಉಂಗುರಬೆರಳು: ವ. ಎಡಗೈ ನಡುಬೆರಳು ಕೆಳಗೆ: ಅ. ತೋರುಬೆರಳು ಒಂದು ಹೆಜ್ಜೆ ಪಕ್ಕಕ್ಕೆ: ಝ. ನಡುಬೆರಳು ಮೇಲಕ್ಕೆ: ಎ.

"ವಝೆ," ಎಂದಳು.

"ಏನು?"

"ವಝೆ, ಕಣೋ. ಹಗ್ಗ! ನಮ್ಮ ಭಾಷೆಯಲ್ಲಿ ಹಗ್ಗ ಅಂತ ಹೊಡೆದಿದ್ದಾರೆ. ಕೀಲಿಮಣೆ ರೋಮನ್ ಅಕ್ಷರಕ್ಕೆ ತಿರುಗಿಕೊಂಡಿತ್ತು, ಹೊಡೆದವರು ನೋಡಲಿಲ್ಲ."

ಲ್ಯೂಬೆನ್ ತನ್ನ ಕೀಲಿಮಣೆ ಎಳೆದುಕೊಂಡು ಪರೀಕ್ಷಿಸಿದ. ತಲೆ ಕೊಡವಿದ. "ಇಲ್ಲ ಚಿಕ್ಕಮ್ಮ. ನಾನು ಹಾಗೆ ಹೊಡೆದ್ರೆ ಡಬ್ಲ್ಯೂ, ವೈ, ವಿ, ಇ ಬರುತ್ತೆ."

"ನಿನಗೆ ಬರುತ್ತೆ. ನೀನು ರೋಮನ್ ಅಕ್ಷರದ ಉಚ್ಚಾರ ನೋಡಿಕೊಂಡು ಹೊಡೆಯೋ ಕಾಲದವನು. ಇದು ಟೈಪ್‌ರೈಟರ್ ಕೈ. ಅಕ್ಷರಗಳ ಹಳೇ ಜೋಡಣೆ." ಅವಳು ಎದ್ದಳು. "ಈ ಕಂಪನಿಯಲ್ಲಿ ಇನ್ನೂ ಆ ಜೋಡಣೆಯಲ್ಲಿ ಹೊಡೆಯೋರು ಯಾರು?"

ಲ್ಯೂಬೆನ್‌ನ ಬಾಯಲ್ಲಿ ಬೀಜ ನಿಂತಿತು. ಸೋಮವಾರವಷ್ಟೇ ಅವನು ಪ್ರತಿ ಮೇಜಿಗೂ ಹೋಗಿ, ಹನ್ನೊಂದು ಕಂಪ್ಯೂಟರುಗಳನ್ನೂ ಹೊಸ ಸರ್ವರಿಗೆ ಕೂಡಿಸಿ ಬಂದಿದ್ದ.

"ಒಬ್ಬರೇ," ಎಂದ. "ಅವರ ಕಂಪ್ಯೂಟರಲ್ಲಿ ನನಗೆ ಒಂದು ಸಾಲು ಹೊಡೆಯೋಕೂ ಆಗಲಿಲ್ಲ. ನಗ್ತಾ ನನ್ನ ಕೈಗೆ ಹೊಡೆದು ತಾವೇ ಟೈಪ್ ಮಾಡಿಕೊಟ್ರು. ಎವ್ದೋಕಿಯಾ ಅಜ್ಜಿ."

ಸಾವ್ಕಾ ಮೆಟ್ಟಿಲು ಹತ್ತಿದ ರಭಸಕ್ಕೆ ಅವನು ಹಿಂದೆ ಬರಲು ಧೈರ್ಯ ಮಾಡಲಿಲ್ಲ.

ಎವ್ದೋಕಿಯಾ ಪೆನೆವಾಳಿಗೆ ಅರವತ್ತಾರು. ಕಚೇರಿಯ ಹಿರಿಯ ಗುಮಾಸ್ತೆ. ಭಾನುವಾರಗಳಲ್ಲಿ ಇಗರ್ಜಿಯಲ್ಲಿ ಸಾವ್ಕಾಳ ಎಡಬದಿಗೆ ನಿಂತು ಹಾಡುವವಳು. ತೊದೋರನ ಶವಪೆಟ್ಟಿಗೆಯ ಬಳಿ ರಾತ್ರಿಯಿಡೀ ಮೇಣದ ಬತ್ತಿ ನೋಡಿಕೊಂಡವಳು. ಉಪವಾಸದ ಕಾಲವಾದ್ದರಿಂದ ಅವಳ ಮೇಜಿನ ಮೇಲೆ ಎಣ್ಣೆ ಹಾಕದ ಹುರುಳಿಕಾಯಿ ಸಾರಿನ ಡಬ್ಬಿ ಮಾತ್ರ ಇತ್ತು.

"ಸಾವ್ಕಾ! ಬಾರಮ್ಮ. ಮುಖ ಯಾಕೆ ಹೀಗಾಗಿದೆ? ಏನಾದ್ರೂ ತಿಂದ್ಯಾ?"

ಸಾವ್ಕಾ ಬಾಗಿಲು ಮುಚ್ಚಿದಳು. ಮೇಜಿನ ಈಚೆಯಿಂದ ಬಾಗಿ, ಕೀಲಿಮಣೆಯ ಮೂಲೆಯ ಎರಡು ಕೀಲಿ ಒಟ್ಟಿಗೆ ಒತ್ತಿದಳು. ಅಕ್ಷರ ರೋಮನ್ ಲಿಪಿಗೆ ಹೊರಳಿತು. ಎವ್ದೋಕಿಯಾ ಅದನ್ನು ಗಮನಿಸಲಿಲ್ಲ.

"ಅಕ್ಕ, ಒಂದು ಪದ ಹೊಡಿ."

"ಈಗಲಾ? ಏನು ಪದ?"

"ಹಗ್ಗ."

ಎವ್ದೋಕಿಯಾಳ ಕೈಗಳು ಗಾಳಿಯಲ್ಲೇ ನಿಂತವು.

"ಹೊಡಿ, ಅಕ್ಕ."

ಕೈಗಳು ಇಳಿದವು. ನಾಲ್ಕು ಸಣ್ಣ ಸದ್ದು. ಅವಳು ಪರದೆ ನೋಡಲಿಲ್ಲ. ಸಾವ್ಕಾಳ ಮುಖವನ್ನೇ ನೋಡುತ್ತಿದ್ದಳು. ಸಾವ್ಕಾ ಗಲ್ಲದಿಂದ ಪರದೆಯ ಕಡೆ ತೋರಿಸಿದ ಮೇಲೆ ತಿರುಗಿದಳು.

ಎಲ್, ಸಿ, ಜಿ, ಇ.

ಸ್ವಲ್ಪ ಹೊತ್ತು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅವಳ ಅಂಗೈ ಬಾಯಿಗೆ ಹೋಯಿತು.

"ಅಯ್ಯೋ ದೇವರೇ. ಈ ಹೆಸರಲ್ಲಿತ್ತಾ? ನಾನು ಎಷ್ಟು ಹುಡುಕಿದೆ ಸಾವ್ಕಾ! ಮೂರು ಸಲ, ನಾಲ್ಕು ಸಲ. 'ಹಗ್ಗ' ಅಂತ ಕೇಳಿದ್ರೆ ಏನೂ ಇಲ್ಲ ಅಂತ ಹೇಳೋದು. ಬೋಝಿಲೋವ್ ನೋಡಿ ಅಳಿಸಿಬಿಟ್ಟ ಅಂದುಕೊಂಡೆ. ಬಚ್ಚಿಡೋದನ್ನ ನನ್ನ ಮೊಮ್ಮಗಳು ಹೇಳಿಕೊಟ್ಟಿದ್ಲು. ವಾಪಸ್ ಹೊರಗೆ ತೆಗೆಯೋದು ಹೇಳಿಕೊಟ್ಟಿರಲಿಲ್ಲ."

"ಯಾವಾಗ ಇಟ್ಟೆ?"

"ಅವತ್ತೇ. ಲಿಲ್ಯಾನಾ ಸತ್ತ ಸುದ್ದಿ ಬಂದ ತಕ್ಷಣ ಬೋಝಿಲೋವ್ ಕೂಗಿದ, 'ರಾಯ್ಕೋ ಬರೆದ ಫೆಬ್ರವರಿ ಹಾಳೆ ತಗೊಂಡು ಬಾ' ಅಂತ. ಅವನ ಕೋಣೆಗೆ ಹೋಗೋ ದಾರಿಯಲ್ಲೇ ಸ್ಕ್ಯಾನರ್ ಇದೆ. ಹಾಳೆ ಅದರ ಮೇಲಿಟ್ಟೆ. ಪರದೆ ಕಡೆ ನೋಡೋಕೂ ಆಗಲಿಲ್ಲ, ಅವನು ಕೂಗ್ತಾನೇ ಇದ್ದ. ಹೆಸರು ಹೊಡೆದೆ, ಬಚ್ಚಿಟ್ಟೆ, ಹೋದೆ. ಅವನು ಹಾಳೆ ಇಸಕೊಂಡು ಜೇಬಿಗೆ ಹಾಕಿದ."

"ಆಮೇಲೆ?"

ಎವ್ದೋಕಿಯಾ ಸಾರಿನ ಡಬ್ಬಿಯ ಮುಚ್ಚಳ ಹಾಕಿದಳು.

"ಆಮೇಲೆ ಏನಾಯ್ತು, ಅಕ್ಕ? ಹಗ್ಗ ಚೆನ್ನಾಗಿದೆ, ತಡೆಹಲ್ಲು ಚೆನ್ನಾಗಿದೆ ಅಂತ ರಾಯ್ಕೋ ಸಹಿ ಮಾಡಿದ ಖಾಲಿ ಹಾಳೆ ಮೇಲೆ ಅಚ್ಚು ಹಾಕಿದವರು ಯಾರು? ಒಂದೂ ತಪ್ಪಿಲ್ಲದ ಹಾಳೆ ಅದು. ನಾನು ಆವತ್ತೇ ಅಂದುಕೊಂಡಿದ್ದೆ, ಎಷ್ಟು ಚೆನ್ನಾಗಿ ಹೊಡೆದಿದ್ದಾರೆ ಅಂತ."

"ಅವನು ಹಿಂದೆ ನಿಂತು ಹೇಳಿದ. ನಾನು ಹೊಡೆದೆ."

ಸಾವ್ಕಾ ಮೇಜಿಗೆ ಕೈಯೂರಿ ಬಾಗಿದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಎವ್ದೋಕಿಯಾಗೆ ಸಹಿಸಲು ಸುಲಭವಾಗುತ್ತಿತ್ತೇನೋ.

"ಇಪ್ಪತ್ತಮೂರು ದಿನ. ಇಪ್ಪತ್ತಮೂರು ದಿನದಿಂದ ಆ ಮನುಷ್ಯ ಒಳಗಿದ್ದಾನೆ. ನೀನು ಇಲ್ಲಿ ಎಣ್ಣೆಯಿಲ್ಲದ ಸಾರು ಕುಡೀತಿದ್ದೀಯ. ಬೆಣ್ಣೆ ಮುಟ್ಟಲ್ಲ, ಮೊಟ್ಟೆ ಮುಟ್ಟಲ್ಲ, ಭಾರಿ ವ್ರತ! ದೇವರು ನಿನ್ನ ಡಬ್ಬಿ ನೋಡ್ತಾನಾ, ಕೈ ನೋಡ್ತಾನಾ?"

"ಸಾಕ್ಷಿ ಇರಲಿಲ್ಲ ಸಾವ್ಕಾ. ಕಾಗದ ಸಿಗಲಿಲ್ಲ. ಬರೀ ಬಾಯಿಮಾತು ಯಾರು ನಂಬ್ತಾರೆ?"

"ಕಾಗದ ಸಿಗದಿದ್ರೆ ಬಾಯಿ ಇರಲಿಲ್ವಾ? ಎಲ್ಲರೂ ಪರಸ್ಪರ ಕ್ಷಮೆ ಕೇಳೋ ಭಾನುವಾರ ನನ್ನ ಮನೆಗೆ ಬಂದೆ. ನನ್ನ ಕೈಗೆ ಮುತ್ತಿಟ್ಟು 'ಕ್ಷಮಿಸು ಸಾವ್ಕಾ' ಅಂದೆ. ನಾನು ಮೂರ್ಖಳು, ಏನು ಎತ್ತ ಕೇಳಲಿಲ್ಲ, 'ದೇವರು ಕ್ಷಮಿಸಲಿ' ಅಂದೆ. ಯಾತಕ್ಕೆ ಕ್ಷಮೆ ಇಸಕೊಂಡೆ ನನ್ನ ಹತ್ರ? ಹೇಳು, ಯಾತಕ್ಕೆ? ರಾಯ್ಕೋ ಹೆಂಡತಿ ಮನೆಗೆ ಹೋಗೋ ಧೈರ್ಯ ಇರಲಿಲ್ಲ, ಅದಕ್ಕೆ ನನ್ನ ಹತ್ರ ಸಸ್ತಾದಲ್ಲಿ ಮುಗಿಸಿಕೊಂಡ್ಯಾ?"

"ಅದಕ್ಕಲ್ಲ."

"ಮತ್ತೆ?"

"ಅದಕ್ಕಲ್ಲ ಸಾವ್ಕಾ. ಕೇಳಬೇಡ."

"ನಾಳೆ ಹತ್ತಕ್ಕೆ ಅವನು ಮಾಡದ ತಪ್ಪಿಗೆ ಸಹಿ ಹಾಕ್ತಾನೆ. ಈ ಸಲ ಖಾಲಿ ಹಾಳೆಯಲ್ಲ. ನೀನು ಬಂದು ನಿಂತು ಹೇಳ್ತೀಯೋ ಇಲ್ವೋ? ಅಷ್ಟು ಹೇಳಿಬಿಡು. ಇಲ್ಲ ಅಂದ್ರೆ ನಿನ್ನನ್ನೂ ಈಗಲೇ ಕೋಳ ಹಾಕಿ ಎಳಕೊಂಡು ಹೋಗ್ತೀನಿ, ಇಗರ್ಜಿ ಮುಂದಿನ ರಸ್ತೆಯಲ್ಲೇ, ಎಲ್ಲರೂ ನೋಡಲಿ."

ಕಿಟಕಿಯಾಚೆ ಅಂಗಳದಲ್ಲಿ ಯಾರೋ ಹಾರ್ನ್ ಬಾರಿಸಿದರು. ಗೇಟು ಬಿಡಿರೆಂದು ಕೂಗಿದರು. ಎವ್ದೋಕಿಯಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕನ್ನಡಕವಿಲ್ಲದ ಅವಳ ಮುಖ ಸಾವ್ಕಾಗೆ ಹೊಸದಾಗಿ ಕಂಡಿತು. ತೀರಾ ಮುದುಕಿಯ ಮುಖ.

"ಬರ್ತೀನಿ," ಎಂದಳು. "ಹೇಳ್ತೀನಿ. ಶಿಲುಬೆ ಮುಟ್ಟಿ ಹೇಳ್ತೀನಿ. ಹೇಳೋಕೆ ನನಗೇನೂ ಹೊಸದಲ್ಲ."

"ಅಂದ್ರೆ?"

"ಒಂದು ಸಲ ಹೇಳಿದ್ದೀನಿ."

"ಯಾವಾಗ?"

"ಮಾರನೇ ದಿನ, ಆರನೇ ತಾರೀಕು," ಎಂದಳು ಎವ್ದೋಕಿಯಾ. "ರಾತ್ರಿ ನಿದ್ದೆ ಬರಲಿಲ್ಲ. ಕೆಲಸ ಮುಗಿದ ಮೇಲೆ ಸೀದಾ ನಿಮ್ಮ ಠಾಣೆಗೆ ಬಂದೆ, ನಿನ್ನನ್ನೇ ನೋಡೋಣ ಅಂತ. ನೀನು ಇರಲಿಲ್ಲ, ಶವಪರೀಕ್ಷೆಗೆ ಹೋಗಿದ್ದೀಯ ಅಂದ್ರು. ಅಲ್ಲೇ ಹೇಳಿದೆ. ಹಾಳೆ ವಿಷಯ, ಅವನು ಹೇಳಿ ಹೊಡೆಸಿದ್ದು, ಎಲ್ಲ. ಬರಕೊಂಡ್ರು. ಎರ‍ಡು ಪುಟ. ಕೆಳಗೆ ನಾನು ಸಹಿ ಮಾಡಿದೆ."

"ಸುಳ್ಳು. ಅಂಥ ಹೇಳಿಕೆ ಕಡತದಲ್ಲಿಲ್ಲ. ಕೇಸು ನನ್ನದು, ಪ್ರತಿ ಕಾಗದ ನನಗೆ ಗೊತ್ತು." ಸಾವ್ಕಾಳ ಸಿಟ್ಟು ಈಗ ಠಾಣೆಯ ಒಬ್ಬೊಬ್ಬರ ಮುಖವನ್ನೂ ತಡಕಿತು. ಯಾರು? ಆ ಕುಡುಕ ಪಾವ್ಲಿನ್ ಇರಬಹುದಾ? ಬೋಝಿಲೋವ್ ಜೊತೆ ಬೇಟೆಗೆ ಹೋಗುವ ಉಪಮುಖ್ಯಸ್ಥನಾ? "ಯಾರು ಬರಕೊಂಡಿದ್ದು? ಹೆಸರು ಹೇಳು. ಅವನ ಕುತ್ತಿಗೆ ಹಿಡೀತೀನಿ."

ಎವ್ದೋಕಿಯಾಳ ಕಣ್ಣು ತುಂಬಿತು.

"ಕ್ಷಮೆ ಯಾತಕ್ಕೆ ಅಂತ ಕೇಳಿದ್ಯಲ್ಲ. ನಿನ್ನ ತೊದೋರ್ ಬರಕೊಂಡ, ಸಾವ್ಕಾ."

ಹಾರ್ನ್ ಮತ್ತೆ ಕೂಗಿತು. ಸಾವ್ಕಾಗೆ ಅದು ಎಲ್ಲೋ ದೂರದ ಊರಿನಲ್ಲಿ ಕೂಗಿದಂತೆ ಕೇಳಿಸಿತು.

"ಪೂರ್ತಿ ಓದಿದ. ಮುಖ ಕೆಂಪಾಯ್ತು ಅವನಿಗೆ. 'ಅಕ್ಕ, ಇದನ್ನ ಇಲ್ಲಿ ಯಾರ ಕೈಗೂ ಕೊಡೋ ಹಾಗಿಲ್ಲ. ಇವತ್ತು ಮನೆಗೆ ಹೋಗಿ ನಮ್ಮ ಸಾವ್ಕಾ ಕೈಗೇ ಕೊಡ್ತೀನಿ' ಅಂದ. ನನ್ನೆದುರಿಗೇ ಮಡಿಸಿ ಕೋಟಿನ ಒಳಜೇಬಲ್ಲಿ ಇಟ್ಟುಕೊಂಡ. ಮಾರನೇ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಕಪ್ಪು ಅಂಚಿನ ಸಾವಿನ ಕಾಗದ ಅಂಟಿಸಿದ್ರು. ನನ್ನ ಆ ಎರಡು ಪುಟ ಓದಿದ ಸಿಟ್ಟಿಗೇ ಅವನ ಎದೆ ಒಡೀತು ಅಂತ ನಾನು... ನಾನೇ ಕೊಂದ ಹಾಗಾಯ್ತು ಅಂತ..." ಅವಳು ಮುಂದೆ ಹೇಳಲಾಗದೆ ಸೆರಗಿನಂತೆ ಹೊದ್ದ ಶಾಲಿನ ತುದಿ ಬಾಯಿಗೊತ್ತಿಕೊಂಡಳು. "ಕಾಗದ ನಿನಗೆ ಸಿಕ್ಕಿರುತ್ತೆ, ದುಃಖದಲ್ಲಿ ಬದಿಗಿಟ್ಟಿದ್ದೀಯ ಅಂದುಕೊಂಡೆ. ಕೇಳೋಕೆ ಧೈರ್ಯ ಬರಲಿಲ್ಲ."

ಸಾವ್ಕಾಳ ಕೈಗಳು ಮೇಜಿನ ಮೇಲಿದ್ದವು. ಅವಳು ಅವುಗಳನ್ನೇ ನೋಡಿದಳು.

ಆ ಕೋಟು ಅವಳ ಕೈಗೆ ಬಂದಿತ್ತು. ಆಸ್ಪತ್ರೆಯ ಕಾಗದದ ಚೀಲದಲ್ಲಿ, ಬೆಲ್ಟು, ಗಡಿಯಾರ, ಕೀಲಿಗೊಂಚಲುಗಳ ಜೊತೆ. ಸತ್ತವರ ಬಟ್ಟೆ ಒಂಬತ್ತನೆಯ ದಿನ ಬಡವರಿಗೆ ಕೊಡಬೇಕು, ಕೊಡುವ ಮೊದಲು ಚೊಕ್ಕಮಾಡಬೇಕು. ಅವಳು ಒಂದೊಂದೇ ಜೇಬಿಗೆ ಕೈ ಹಾಕಿ ನೋಡಿದ್ದಳು. ಕರವಸ್ತ್ರವಿತ್ತು, ಎರಡು ಪೆಪ್ಪರ್‌ಮಿಂಟ್ ಇದ್ದವು. ಕಾಗದ ಇರಲಿಲ್ಲ.

ಒಳಜೇಬಿಗೆ ತಳವೇ ಇರಲಿಲ್ಲ. ಅಸ್ತರು ಮೇಲಿಂದ ಕೆಳಗಿನವರೆಗೂ ಬ್ಲೇಡಿನಲ್ಲಿ ಎಳೆದಂತೆ ಒಂದೇ ನೇರ ಗೆರೆಯಲ್ಲಿ, ಒಂದು ದಾರವೂ ಎಳೆಬಿಡದಂತೆ, ಕುಯ್ದುಹೋಗಿತ್ತು. ಆಂಬ್ಯುಲೆನ್ಸಿನವರು ಅವಸರದಲ್ಲಿ ಹಾಗೆ ಮಾಡಿರಬೇಕೆಂದು ಅವಳು ಅಂದುಕೊಂಡಿದ್ದಳು. ಹರಿದ ಕೋಟನ್ನು ದಾನ ಕೊಡಬಾರದೆಂದು, ಕಿಟಕಿಯ ಬೆಳಕಿನಲ್ಲಿ ಕೂತು, ಅಳುತ್ತ, ಕಪ್ಪು ದಾರ ಪೋಣಿಸಿ, ಆ ಕೊಯ್ತವನ್ನು ಯಾರ ಕಣ್ಣಿಗೂ ಕಾಣದ ಹಾಗೆ ಅವಳೇ ಹೊಲಿದಿದ್ದಳು.